ವಿಭೂತಿ ಹಚ್ಚಿದ ಟೈರು, ಹಿಂದಿನ ಸೀಟಿನ ಪಾಪಮ್ಮ

ನಾನು ಮೂವತ್ಮೂರನೇ ವಯಸ್ಸಿಗೆ ನಿವೃತ್ತನಾದೆ. ಯಾರೂ ಶಾಲು ಹೊದಿಸಲಿಲ್ಲ. ಕೋಲಾರದ ಮೂಳೆ ಡಾಕ್ಟರೊಬ್ಬರು ನನ್ನ ಬೆನ್ನಿನ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಇನ್ನು ಮೇಲೆ ತುಂಬಿದ ಬಿಂದಿಗೆಯನ್ನೂ ಎತ್ತಕೂಡದು ಎಂದರು. ಹೊರಗೆ ಬಂದ ಎರಡೇ ನಿಮಿಷಕ್ಕೆ ಅದನ್ನು ಅವರದೇ ದನಿಯಲ್ಲಿ ಕಾಂಪೌಂಡರಿಗೆ ಮಾಡಿ ತೋರಿಸಿದೆ. ಕಾಂಪೌಂಡರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಒಳಗಿನಿಂದ ಡಾಕ್ಟರು, "ಮೂಗಲ್ಲಿ ಇನ್ನೂ ಸ್ವಲ್ಪ ಬರ್ಬೇಕು ಕಣಯ್ಯಾ" ಎಂದರು. ನನ್ನ ಬೀಳ್ಕೊಡುಗೆ ಸಮಾರಂಭ ಅಷ್ಟೇ.

ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ನಾನು ಕೋಲಾರದ ಹೊರಗೆ, ಹೆದ್ದಾರಿಗೆ ಅಂಟಿಕೊಂಡಿರುವ ಒಂದು ಚಕ್ರದ ಅಂಗಡಿಯಲ್ಲಿದ್ದೆ. ಕಾರಿಗೆ ಕಂಪನಿ ಕೊಟ್ಟ ಸಣ್ಣ ಚಕ್ರಗಳನ್ನು ಬಿಚ್ಚಿ ದೊಡ್ಡವನ್ನು ಹಾಕುವುದು ನನ್ನ ಕೆಲಸ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಮಾತ್ರ ಕಂಪನಿ ಕೊಟ್ಟವೇ ಇರುತ್ತವೆ, ಅವನ್ನು ಯಾರೂ ಮುಟ್ಟುವುದಿಲ್ಲ. ಹದಿನಾಲ್ಕಿಂಚಿನ ಚಕ್ರ ಎತ್ತುತ್ತಿದ್ದವನು ಹದಿನಾರಕ್ಕೆ ಬಂದೆ, ಹದಿನೇಳಕ್ಕೆ ಬಂದೆ. ನನ್ನ ಬೆನ್ನುಮೂಳೆಯೂ ಕಂಪನಿ ಕೊಟ್ಟದ್ದೇ ಎಂಬುದು ಎಕ್ಸ್‌ರೇ ನೋಡುವ ತನಕ ನೆನಪಿಗೆ ಬರಲಿಲ್ಲ.

ಈಗ ಬೈರಕೂರಿನಲ್ಲಿ ಅಣ್ಣನ ಟೊಮೆಟೊ ಸಸಿಯ ನರ್ಸರಿಯಲ್ಲಿದ್ದೇನೆ. ಸಸಿಯ ಟ್ರೇಗೆ ತೂಕವೇ ಇಲ್ಲ, ಬೆನ್ನಿಗೆ ಸುಖ. ಕಷ್ಟ ಏನೆಂದರೆ ಸಸಿಗಳು ಮಾತಾಡುವುದಿಲ್ಲ, ಕೆಮ್ಮುವುದಿಲ್ಲ, ಅನುಕರಿಸಲು ಒಂದೂ ಸಿಗುವುದಿಲ್ಲ. ಅಣ್ಣನನ್ನು ಮಾಡಿದರೆ ಅತ್ತಿಗೆ ಮಾತ್ರ ನಗುತ್ತಾರೆ. ಇಂಥ ಹೊತ್ತಿನಲ್ಲಿ ಅಂಗಡಿಯಿಂದ ಮುನಿಸ್ವಾಮಣ್ಣನ ಫೋನ್ ಬಂತು. ಹೊಸದಾಗಿ ಮೂರು ಜನ ಸೇರಿದ್ದಾರಂತೆ. ಎಲ್ಲರೂ ಕೋರ್ಸು ಮುಗಿಸಿದವರು, ಕೇಳಿದ್ದಕ್ಕೆಲ್ಲ ಫೋನ್ ನೋಡಿ ಉತ್ತರ ಹೇಳುತ್ತಾರಂತೆ. "ನೀನು ಮಾಡಿದ್ ತಪ್ಪುಗಳ್ನ ಬರ್ದ್ ಕಳ್ಸೋ. ಸರಿಯಾಗ್ ಮಾಡಿದ್ದು ಬ್ಯಾಡ, ಅದು ನಾನೇ ಹೇಳ್ತೀನಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ಮುನಿಸ್ವಾಮಣ್ಣ ನನ್ನ ಗುರು. ಕುಳ್ಳಗೆ, ಅಗಲಕ್ಕೆ ಇದ್ದಾರೆ. ಅವರದು ತಗ್ಗಿದ ದನಿ, ಹೈಡ್ರಾಲಿಕ್ ಜಾಕಿ ಇಳಿಯುವಾಗ ಬರುವಂಥ ದನಿ. ಸೇರಿದ ಮೊದಲ ವಾರವೇ ಅವರನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೆ. ಹಿಂದೆ ನಿಂತಿದ್ದವರು ಅವರೇ. ಬೈಯಲಿಲ್ಲ. ಒಂದು ತಿಂಗಳು ಪಂಕ್ಚರ್ ತೊಟ್ಟಿಯ ಹತ್ತಿರ ಕೂರಿಸಿದರು. ಮುಳುಗಿಸಿದ ಟ್ಯೂಬಿನಿಂದ ಗುಳ್ಳೆ ಏಳುವ ಶಬ್ದವನ್ನು ನಾನು ಕಲಿತದ್ದು ಅಲ್ಲಿಯೇ. ಇವತ್ತಿಗೂ ನನ್ನ ಅತ್ಯುತ್ತಮ ಶಬ್ದಗಳಲ್ಲಿ ಅದೊಂದು.

ಅವರು ಕಲಿಸಿದ್ದು ಒಂದೇ ಲೆಕ್ಕ. ರಿಮ್ಮು ದೊಡ್ಡದಾದರೆ ಅದರ ಸುತ್ತ ಇರುವ ರಬ್ಬರು ತೆಳ್ಳಗಾಗಬೇಕು, ನೆಲದಿಂದ ಚಕ್ರದ ಒಟ್ಟು ಎತ್ತರ ಮೊದಲಿದ್ದಷ್ಟೇ ಉಳಿಯಬೇಕು. ಇದನ್ನು ಗಿರಾಕಿಗಳಿಗೆ ಒಪ್ಪಿಸುವುದು ಕಷ್ಟ. ಅವರಿಗೆ ರಿಮ್ಮೂ ದೊಡ್ಡದು ಬೇಕು, ಟೈರೂ ಜೀಪಿನದರಂತೆ ದಪ್ಪ ಬೇಕು, ಕಾರು ಮಾತ್ರ ಅದೇ ಸಣ್ಣ ಕಾರು.

ಬೇರೆ ಕಡೆ ಎತ್ತರದ ಟೈರು ಹಾಕಿಸಿಕೊಂಡಿದ್ದ ಮುಳಬಾಗಿಲಿನ ಮೇಷ್ಟ್ರೊಬ್ಬರು ಒಮ್ಮೆ ನಮ್ಮಲ್ಲಿಗೆ ಬಂದರು. ಅವರ ದೂರು ವಿಚಿತ್ರವಾಗಿತ್ತು. ಕೋಲಾರದಿಂದ ಮುಳಬಾಗಿಲು ಒಂದೂವರೆ ಕಿಲೋಮೀಟರು ಹತ್ತಿರ ಬಂದುಬಿಟ್ಟಿದೆ, ಮೀಟರು ಹಾಗೆ ತೋರಿಸುತ್ತಿದೆ ಎಂದರು. ಊರು ಅಲ್ಲೇ ಇದೆ, ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಉರುಳುತ್ತದೆ, ಮೀಟರು ಹಳೇ ಚಕ್ರವೇ ಇದೆ ಅಂದುಕೊಂಡು ಎಣಿಸುತ್ತದೆ ಎಂದು ಮುನಿಸ್ವಾಮಣ್ಣ ವಿವರಿಸಿದರು. ಮೀಟರಿನ ಮುಳ್ಳು ತೋರಿಸುವುದಕ್ಕಿಂತ ನೀವು ಜೋರಾಗಿಯೇ ಹೋಗುತ್ತಿರುತ್ತೀರಿ ಎಂದೂ ಎಚ್ಚರಿಸಿದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಹಾಗಾದರೆ ಇನ್ನು ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಹೊರಡಬಹುದಲ್ಲವೇ ಎಂದು ಕೇಳಿದರು. ಅವರನ್ನು ಅನುಕರಿಸಲು ನನಗೆ ಮನಸ್ಸೇ ಬರಲಿಲ್ಲ, ನಾನು ಸೇರಿಸಲು ಏನೂ ಉಳಿಯದಷ್ಟು ಅವರು ಆಗಲೇ ಪೂರ್ತಿಯಾಗಿದ್ದರು.

ಎರಡನೆಯ ವಿಷಯ, ಚಕ್ರ ಎಲ್ಲಿಯಾದರೂ ತಾಗುತ್ತದೆಯೇ ಎಂದು ನೋಡುವ ಪರೀಕ್ಷೆ. ಬೇರೆ ಅಂಗಡಿಗಳಲ್ಲಿ ಖಾಲಿ ಕಾರಿನ ಸ್ಟೇರಿಂಗನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಪೂರ್ತಿ ತಿರುಗಿಸಿ ಕೀಲಿ ಕೊಟ್ಟುಬಿಡುತ್ತಾರೆ. ಮುನಿಸ್ವಾಮಣ್ಣ ಒಪ್ಪುತ್ತಿರಲಿಲ್ಲ. "ನಮ್ ಕಡೆ ಖಾಲಿ ಕಾರು ಯಾವತ್ ಓಡೈತೋ?" ಎನ್ನುತ್ತಿದ್ದರು. ನಿಜ. ನಮ್ಮಲ್ಲಿ ಐದು ಜನದ ಕಾರಿನಲ್ಲಿ ಏಳು ಜನ ಕೂರುತ್ತಾರೆ, ಡಿಕ್ಕಿಯಲ್ಲಿ ಎರಡು ಕ್ರೇಟು ಮಾವಿನಹಣ್ಣು, ಕಾಲ ಕೆಳಗೆ ಒಂದು ಮೂಟೆ ರಾಗಿಹಿಟ್ಟು. ಅಷ್ಟು ತೂಕಕ್ಕೆ ಸ್ಪ್ರಿಂಗು ಕುಗ್ಗಿ ಮೈ ಇಳಿದಾಗ, ಚಕ್ರದ ಮೇಲಿನ ಕಮಾನಿನ ಒಳಗಿರುವ ಪ್ಲಾಸ್ಟಿಕ್ ಹೊದಿಕೆಗೆ ಟೈರು ಉಜ್ಜುತ್ತದೆ. ಆದ್ದರಿಂದ ನಮ್ಮ ಅಂಗಡಿಯಲ್ಲಿ ದೊಡ್ಡ ಚಕ್ರ ಹಾಕಿದ ಮೇಲೆ ಪಕ್ಕದ ಟೀ ಅಂಗಡಿಯಿಂದ ಜನ ಕರೆದು ಕಾರಿಗೆ ತುಂಬುವುದು ಪದ್ಧತಿ. ಟೊಮೆಟೊ ಮಂಡಿಯಲ್ಲಿ ಬಾಕ್ಸು ಹೊರುವ ಗಂಗಪ್ಪನೊಬ್ಬನೇ ಇಬ್ಬರಿಗೆ ಸಮ, ಅವನಿಗೆ ಹಿಂದಿನ ಸೀಟು ಕಾಯಂ. ಹಾಗೆ ತುಂಬಿಕೊಂಡು ಸರ್ವಿಸ್ ರಸ್ತೆಯ ಹಂಪು ಹತ್ತಿಸಿ, ತಿರುವು ತಿರುಗಿಸಿ ವಾಪಸು ಬರುತ್ತಿದ್ದೆವು.

ಹೊರಡುವ ಮುಂಚೆ ಟೈರಿನ ಅಂಚಿಗೆ ವಿಭೂತಿ ಗಟ್ಟಿ ಉಜ್ಜಬೇಕು. ಬಂದ ಮೇಲೆ ಟಾರ್ಚು ಹಿಡಿದು ಕಮಾನಿನ ಒಳಗೆ ನೋಡಬೇಕು. ಬೆಳ್ಳಗೆ ಅಂಟಿದ್ದರೆ ಟೈರು ಅಲ್ಲಿ ತಾಗಿದೆ ಎಂದು ಅರ್ಥ. ಸೀಮೆಸುಣ್ಣ ಹಚ್ಚಿದರೆ ಹಂಪಿಗೆ ಮುಂಚೆಯೇ ಉದುರಿಹೋಗುತ್ತದೆ, ವಿಭೂತಿ ನಿಲ್ಲುತ್ತದೆ. ಇದು ಪೂಜೆ ಎಂದು ತಿಳಿದು ಕೈಮುಗಿದ ಗಿರಾಕಿಗಳನ್ನು ಲೆಕ್ಕವಿಡಲಾರೆ. ಶ್ರೀನಿವಾಸಪುರದ ಮಾವಿನ ತೋಟದ ಸಾಹುಕಾರರೊಬ್ಬರು ಚಪ್ಪಲಿ ಬಿಟ್ಟು ಕಾರಿಗೆ ಮೂರು ಸುತ್ತು ಹಾಕಿದರು. ನಾನೂ ಹಿಂದೆ ಹಿಂದೆ ಅವರದೇ ನಡಿಗೆಯಲ್ಲಿ ಸುತ್ತು ಹಾಕಿದೆ. ಅದಕ್ಕೆ ಮತ್ತೆ ಒಂದು ವಾರ ಪಂಕ್ಚರ್ ತೊಟ್ಟಿ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಈ ಪರೀಕ್ಷೆಯ ಸವಾರಿಯಲ್ಲಿ ನನ್ನದೊಂದು ಕಾಯಂ ಆಟವಿತ್ತು. ಹಂಪು ಹತ್ತುವಾಗ ಗಂಟಲಿನಿಂದ ಟೈರು ಉಜ್ಜುವ ಶಬ್ದ ತೆಗೆಯುತ್ತಿದ್ದೆ. ಜರ್ರ್ ಎಂದು ಶುರುವಾಗಿ ಕೊನೆಗೆ ಚಿಕ್ಕದಾಗಿ ಕಚ್ಚಿದಂತೆ ನಿಲ್ಲುವ ಶಬ್ದ. ಗಿರಾಕಿಯ ಮುಖ ಬಿಳಿಚಿಕೊಳ್ಳುತ್ತಿತ್ತು, ಗಂಗಪ್ಪ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದ. ಅವನ ಹೊಟ್ಟೆ ಕುಣಿದರೆ ಸ್ಪ್ರಿಂಗಿಗೆ ಇನ್ನೊಂದು ಪರೀಕ್ಷೆಯಾಯಿತು ಎಂದು ನಾನೇ ಸಮರ್ಥಿಸಿಕೊಳ್ಳುತ್ತಿದ್ದೆ.

ಐದು ವರ್ಷದ ಹಿಂದೆ ಸುಗುಣ ಎಂಬ ಹುಡುಗಿ ಬಂದಳು. ಊರು ಮಾಸ್ತಿ. ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟು ಕೆಲಸ. ಅಲ್ಲಿ ನಲವತ್ತು ಜನರ ಸಾಲಿಗೆ ಇವಳೇ ಮೇಲ್ವಿಚಾರಕಿ, ಆ ದನಿ ನಮ್ಮ ಅಂಗಡಿಯ ಒಳಗೂ ಹಾಗೇ ಬಂತು. ಸೆಕೆಂಡ್ ಹ್ಯಾಂಡ್ ಬಿಳಿ ಕಾರೊಂದನ್ನು ಕೊಂಡಿದ್ದಳು. ಹದಿನಾಲ್ಕಿಂಚಿನ ಚಕ್ರ ಅವಳಿಗೆ ಹಿಡಿಸಲಿಲ್ಲ. ಕಾರು ನೋಡಿದರೆ ದೊಡ್ಡ ಸೀರೆ ಉಟ್ಟು ಮಗುವಿನ ಚಪ್ಪಲಿ ಹಾಕಿಕೊಂಡ ಹಾಗಿದೆ ಎಂದಳು. ಹದಿನಾರಿಂಚು ಬೇಕು, ಟೈರೂ ದಪ್ಪಗೇ ಬೇಕು.

ಬರುವ ಭಾನುವಾರ ಶ್ರೀನಿವಾಸಪುರದಲ್ಲಿ ಅವಳ ಅಣ್ಣನ ನಿಶ್ಚಿತಾರ್ಥ. ಅಣ್ಣ ನೆಂಟರ ಜೊತೆ ವ್ಯಾನಿನಲ್ಲಿ ಮೊದಲೇ ಹೋಗುತ್ತಾನೆ, ಅಮ್ಮ ಪಾಪಮ್ಮನವರನ್ನೂ ಇಬ್ಬರು ಚಿಕ್ಕಮ್ಮಂದಿರನ್ನೂ ಇವಳು ಕರೆದುಕೊಂಡು ಹೋಗಬೇಕು. ಅದರಲ್ಲೇನು ವಿಶೇಷ ಎಂದರೆ, ಕಾರು ಕೊಂಡು ಎಂಟು ತಿಂಗಳಾದರೂ ಪಾಪಮ್ಮನವರು ಅದರಲ್ಲಿ ಕೂತಿರಲಿಲ್ಲ. ಮೊದಲ ದಿನ ಅಣ್ಣ ತಮಾಷೆಗೆ, "ಅಮ್ಮ ಕೂತ್ರೆ ಗಾಡಿ ಕೂತ್ಕೊಂಬಿಡ್ತದೆ" ಎಂದಿದ್ದನಂತೆ. ಪಾಪಮ್ಮನವರು ನೇರ ಬಸ್ ಸ್ಟಾಪಿಗೆ ನಡೆದಿದ್ದರು. ಅಲ್ಲಿಂದ ಇಲ್ಲಿಯ ತನಕ ಮಾಲೂರಿಗೂ ಬಸ್ಸು, ಕೋಲಾರಕ್ಕೂ ಬಸ್ಸು. ಈಗ ಮಗನ ನಿಶ್ಚಿತಾರ್ಥಕ್ಕೆಂದು ಹೇಗೋ ಒಪ್ಪಿದ್ದರು. "ಇದೊಂದ್ ಸಲ ಅಮ್ಮ ಸರಿಯಾಗ್ ಕೂತ್ಕೊಂಡು ಹೋಗ್ ಬಂದ್ರೆ ಸಾಕು. ಇಲ್ದಿದ್ರೆ ಜನ್ಮದಲ್ಲಿ ಹತ್ತಲ್ಲ" ಎಂದಳು ಸುಗುಣ.

ಮುನಿಸ್ವಾಮಣ್ಣ ಅಂದು ಬೆಂಗಳೂರಿಗೆ ಹೋಗಿದ್ದರು. ಅವರಿದ್ದಿದ್ದರೆ ಆ ದಪ್ಪ ಟೈರು ರಿಮ್ಮಿಗೇ ಏರುತ್ತಿರಲಿಲ್ಲ. ಹಳೇ ಚಕ್ರಕ್ಕಿಂತ ಇದು ಮೂರು ಸೆಂಟಿಮೀಟರು ಎತ್ತರ ಎಂದು ನನಗೂ ಗೊತ್ತಿತ್ತು. ಆದರೆ ಹಾಕಿ ನಿಲ್ಲಿಸಿದಾಗ ಕಾರು ಎದೆ ಉಬ್ಬಿಸಿ ನಿಂತಂತೆ ಕಂಡಿತು, ಸುಗುಣ ಮೊದಲ ಸಲ ನಕ್ಕಳು. ಇಬ್ಬರೂ ಸೋತೆವು.

ಪರೀಕ್ಷೆ ತಪ್ಪಿಸಲಿಲ್ಲ. ವಿಭೂತಿ ಉಜ್ಜಿದೆ. ಗಂಗಪ್ಪನನ್ನೂ ಇನ್ನಿಬ್ಬರನ್ನೂ ಹಿಂದೆ ತುಂಬಿದೆ. ಸುಗುಣ ಓಡಿಸಿದಳು, ನಾನು ಅವಳ ಪಕ್ಕ. ಹಂಪು ಬಂತು, ನಾನು ಜರ್ರ್ ಎಂದೆ. ಸುಗುಣ ಗಕ್ಕನೆ ಬ್ರೇಕು ಹಾಕಿದಳು. ಗಂಗಪ್ಪ ನಕ್ಕ. ಅವಳು ನನ್ನನ್ನು ನೋಡಿದ ನೋಟದಿಂದ ಕಾರ್ಖಾನೆಯ ನಲವತ್ತು ಜನ ದಿನವೂ ಏನು ಅನುಭವಿಸುತ್ತಾರೆ ಎಂದು ತಿಳಿಯಿತು. ಹಾಗೆಂದು ಸುಮ್ಮನಿರಲಿಲ್ಲ, ತಿರುವಿನಲ್ಲಿ ಇನ್ನೊಂದು ಸಲ ಜರ್ರ್ ಎಂದೆ. ಈ ಸಲ ಅವಳೂ ನಕ್ಕಳು. ಎಲ್ಲರೂ ನಗುತ್ತಲೇ ವಾಪಸು ಬಂದೆವು. ನಗು ನಿಲ್ಲುವಷ್ಟರಲ್ಲಿ ಟಾರ್ಚು ಹಿಡಿಯುವುದು ಮರೆತುಹೋಗಿತ್ತು. ಹಳೇ ನಾಲ್ಕು ಚಕ್ರಗಳನ್ನು ಅಂಗಡಿಯಲ್ಲೇ ಬಿಟ್ಟು ಅವಳು ಹೊರಟಳು. "ಬೆಣ್ಣೆ ಹಂಗೈತೆ" ಎಂದು ನಾನೇ ಕೈಬೀಸಿ ಕಳಿಸಿದೆ.

ತಿರುವಿನಲ್ಲಿ ಟೈರು ನಿಜವಾಗಿಯೂ ಉಜ್ಜಿತ್ತು. ನನ್ನ ಶಬ್ದ ಅದನ್ನು ಎಷ್ಟು ಚೆನ್ನಾಗಿ ಮುಚ್ಚಿತ್ತೆಂದರೆ ನನಗೇ ಕೇಳಿಸಲಿಲ್ಲ. ಕಲಾವಿದನಾಗಿ ಇದು ನನ್ನ ಶಿಖರ. ಮೆಕ್ಯಾನಿಕ್ ಆಗಿ ಏನೆಂದು ನೀವೇ ಹೆಸರಿಡಿ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಸುಗುಣ ಮಾಲೂರು ದಾಟಿ ಕೋಲಾರದ ಕಡೆ ಬರುವ ರಸ್ತೆಯಲ್ಲಿದ್ದಳು. ಚಿಕ್ಕಮ್ಮಂದಿರು ಕಾರಿನಲ್ಲಿದ್ದರು, ಪಾಪಮ್ಮನವರು ಇಳಿದು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಅವರು ಕೂತಿದ್ದು ಹಿಂದೆ, ಎಡಗಡೆ. ಬಲಕ್ಕೆ ತಿರುವು ಬಂದಾಗಲೆಲ್ಲ ಸರಿಯಾಗಿ ಅವರ ಕೆಳಗೇ ಶಬ್ದ. ಮೊದಲನೆಯದಕ್ಕೆ ಕಿಟಕಿಯಿಂದ ಆಚೆ ನೋಡಿದರಂತೆ, ಎರಡನೆಯದಕ್ಕೆ ಸೆರಗು ಸರಿಮಾಡಿಕೊಂಡರಂತೆ. ಮೂರನೆಯದಕ್ಕೆ, "ನಿಲ್ಸಮ್ಮಾ. ನಾನ್ ಕೂತಿದ್ಕೆ ಗಾಡಿ ಗೊಣಗ್ತೈತೆ" ಎಂದು ಇಳಿದೇಬಿಟ್ಟಿದ್ದರು.

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಸುಗುಣ ಒಬ್ಬ ಚಿಕ್ಕಮ್ಮನ ಕೈಗೆ ಫೋನು ಕೊಟ್ಟು ಕಾರನ್ನು ಇನ್ನೊಂದು ಬಲ ತಿರುವಿನಲ್ಲಿ ಓಡಿಸಿ ಕೇಳಿಸಿದಳು. ಜರ್ರ್. ಮುನಿಸ್ವಾಮಣ್ಣ ಆಚೆ ಕುರ್ಚಿಯಲ್ಲಿ ಪೇಪರು ಓದುತ್ತಿದ್ದವರು ತಲೆಯನ್ನೇ ಎತ್ತಲಿಲ್ಲ.

"ಬೆಳ್ಗೆ ಬೆಳ್ಗೆನೇ ಶುರು ಹಚ್ಕೊಂಡ್ಯಾ" ಎಂದರು.

"ಅಣ್ಣಾ, ಇದು ನಾನಲ್ಲ."

"ಚೆನ್ನಾಗ್ ಬಂದೈತೆ. ಈಗ್ ಬಾಯ್ ಮುಚ್ಚು."

ಅಷ್ಟರಲ್ಲಿ ಸಿಗ್ನಲ್ ಹೋಗಿ ಫೋನು ಕಟ್ಟಾಯಿತು. ನಾನು ನಡೆದದ್ದೆಲ್ಲ ಹೇಳಿದೆ. ದಪ್ಪ ಟೈರು, ಮರೆತ ಟಾರ್ಚು, ಪಾಪಮ್ಮನವರು, ನಿಶ್ಚಿತಾರ್ಥ. ಹನ್ನೆರಡಕ್ಕೆ ಮುಹೂರ್ತ ಎಂದೂ ಹೇಳಿದೆ. ಅವರು ಪೇಪರನ್ನು ಮಡಚಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹದಿನಾಲ್ಕು ವರ್ಷದಲ್ಲಿ ನಾನು ಗಂಭೀರವಾಗಿದ್ದದ್ದು ಅದೊಂದೇ ಸಲ, ಅವರಿಗೆ ಗುರುತು ಹತ್ತಲು ಸಮಯ ಬೇಕಾಯಿತು. ಆಮೇಲೆ ಅವರು ಹೇಳಿದ್ದು ನಾನು ಎಣಿಸಿರದ ಮಾತು.

"ಅದೇನ್ ಕೇಳಿಸ್ತೋ, ಹಂಗೇ ಮಾಡು. ನಿಂದೇನೂ ಸೇರಿಸ್ಬ್ಯಾಡ."

ಮಾಡಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಇನ್ನೊಂದು ಸಲ ಎಂದರು. ಮತ್ತೆ ಮಾಡಿದೆ. ಕೊನೆಯಲ್ಲಿ ಕಚ್ಚಿ ನಿಲ್ಲುತ್ತದೆಯೇ, ಇಲ್ಲ ಎಳೆದುಕೊಂಡು ಹೋಗುತ್ತದೆಯೇ ಎಂದು ಕೇಳಿದರು. ಎಳೆದುಕೊಂಡು ಹೋಗುತ್ತದೆ, ಬಕೆಟ್ಟಿನ ಮೇಲೆ ಉಗುರು ಎಳೆದ ಹಾಗೆ ಎಂದೆ. ಅವರು ಎದ್ದರು. ತಗಡಿಗೆ ತಾಗಿದ್ದರೆ ಕಚ್ಚುತ್ತದೆ, ಟೈರು ಸೀಳಿರುತ್ತದೆ, ಕಾರನ್ನು ಒಂದಡಿಯೂ ಓಡಿಸಬಾರದು. ಎಳೆದರೆ ಬರೀ ಪ್ಲಾಸ್ಟಿಕ್ಕು, ಟೈರಿಗೆ ಏನೂ ಆಗಿರುವುದಿಲ್ಲ. ಅವಳ ಹಳೇ ಚಕ್ರಗಳನ್ನು ಪಿಕಪ್‌ಗೆ ಹಾಕು ಎಂದರು.

ಅಷ್ಟು ವರ್ಷ ತರಲೆ ಎಂದು ಬೈಸಿಕೊಂಡ ಗಂಟಲು ಮೊದಲ ಸಲ ಒಂದು ಕೆಲಸಕ್ಕೆ ಬಂದಿತ್ತು. ಕುಣಿಯಬೇಕೆನಿಸಿತು. ನಾಲ್ಕು ಚಕ್ರ ಎತ್ತುವುದಿತ್ತು, ಕುಣಿಯಲಿಲ್ಲ.

ಅಂಗಡಿಯ ಪಿಕಪ್‌ನಲ್ಲಿ ಇಬ್ಬರೂ ಹೋದೆವು. ಮುಕ್ಕಾಲು ಗಂಟೆಯಲ್ಲಿ ಕಾರು ಸಿಕ್ಕಿತು. ಪಾಪಮ್ಮನವರು ರೇಷ್ಮೆ ಸೀರೆಯುಟ್ಟು, ಹೂವಿನ ಬುಟ್ಟಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಆ ವೇಳೆಗೆ ಎರಡು ಬಸ್ಸು ನಿಲ್ಲಿಸದೆ ಹೋಗಿದ್ದವಂತೆ, ಅದಕ್ಕೂ ನಾನೇ ಕಾರಣ ಎಂಬಂತೆ ನೋಡಿದರು. ಮುನಿಸ್ವಾಮಣ್ಣ ಜಾಕಿ ಹಾಕಿದರು, ನಾನು ಚಕ್ರ ಬಿಚ್ಚಿದೆ. ಹಿಂದಿನ ಎಡ ಕಮಾನಿನೊಳಗೆ ಟಾರ್ಚು ಬಿಟ್ಟರೆ ಪ್ಲಾಸ್ಟಿಕ್ಕಿನ ಮೇಲೆ ಅಂಗೈಯಗಲ ಸವೆದ ಗುರುತು. ಅದರ ಅಂಚಿನಲ್ಲಿ, ಹೋದ ವಾರದ ಸವಾರಿಯದು, ವಿಭೂತಿ ಇನ್ನೂ ಬೆಳ್ಳಗಿತ್ತು. ಒಂದು ಸಲ ಬಗ್ಗಿದ್ದರೆ ಅಂದೇ ಕಾಣುತ್ತಿತ್ತು.

ಹಳೇ ನಾಲ್ಕು ಚಕ್ರಗಳನ್ನು ಹಾಕಿ ಮುಗಿಸಿ, ನಾನು ಎದ್ದು ಪಾಪಮ್ಮನವರ ಹತ್ತಿರ ಹೋದೆ. ಮಾತು ತಯಾರಿ ಮಾಡಿಕೊಂಡಿದ್ದೆ, ಯಾರ ದನಿಯಲ್ಲಿ ಹೇಳುವುದೆಂದು ತಿಳಿಯಲಿಲ್ಲ. ಕೊನೆಗೆ ನನ್ನದೇ ದನಿ ಬಂತು, ಅದು ನನಗೇ ಹೊಸದಾಗಿತ್ತು.

"ಅಮ್ಮಾ, ಗಾಡಿ ಗೊಣಗಿದ್ದು ನಿಮ್ಗಲ್ಲ, ನನ್ಗೆ. ಎತ್ತರದ ಟೈರು ಹಾಕಿದ್ದು ನಾನು, ನೋಡ್ದೆ ಕಳ್ಸಿದ್ದೂ ನಾನು. ಅಲ್ಲಿ ಯಾರ್ ಕೂತಿದ್ರೂ ಇದೇ ಶಬ್ದ ಬರೋದು."

ಅವರು ನಂಬಲಿಲ್ಲ. ಸುಗುಣ ನನ್ನ ಹಿಂದೆ ನಿಂತು, ಪರೀಕ್ಷೆಯ ದಿನ ಇವನು ಗಂಟಲಲ್ಲಿ ಶಬ್ದ ಮಾಡಿ ನಗಿಸುತ್ತಿದ್ದ, ಅದರಲ್ಲಿ ನಿಜವಾದದ್ದು ಕೇಳಿಸದೆ ಹೋಯಿತು ಎಂದು ಎಲ್ಲ ಬಾಯಿಬಿಟ್ಟಳು. ಪಾಪಮ್ಮನವರು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡರು.

"ಎಲ್ಲಿ, ಮಾಡು ನಾಯ್ನಾ."

ಬಸ್ ಸ್ಟಾಪಿನಲ್ಲಿ, ಹೂವಿನ ಬುಟ್ಟಿಯ ಮುಂದೆ ನಿಂತು ನಾನು ಜರ್ರ್ ಎಂದೆ. ಪಾಪಮ್ಮನವರ ತುಟಿ ಅಲುಗಿತು. ಇನ್ನೊಂದು ಸಲ ಮಾಡಿಸಿದರು. ಚಿಕ್ಕಮ್ಮಂದಿರು ಕಾರಿನೊಳಗೆ ನಗಲು ಶುರುಮಾಡಿದರು. ಕೊನೆಗೆ ಅವರು ಒಂದು ಷರತ್ತು ಹಾಕಿದರು. "ನೀನೂ ಬರ್ಬೇಕು ಶ್ರೀನಿವಾಸಪುರಕ್ಕೆ. ಮುಂದ್ಗಡೆ ಕೂತ್ಕೋ. ಬಾಯ್ ಮುಚ್ಕೊಂಡಿರ್ಬೇಕು. ಶಬ್ದ ಬಂತೋ, ಇಬ್ರೂ ಇಳ್ದು ಬಸ್ಸಲ್ಲಿ ಹೋಗೋಣ."

ಹಾಗೆ ನಾನು ಗ್ರೀಸಿನ ಅಂಗಿಯಲ್ಲೇ ನಿಶ್ಚಿತಾರ್ಥಕ್ಕೆ ಹೋದೆ. ಕೋಲಾರ ದಾಟಿ ಶ್ರೀನಿವಾಸಪುರದ ತನಕ ಎಷ್ಟು ಬಲ ತಿರುವುಗಳಿವೆ ಎಂದು ನನ್ನನ್ನು ಕೇಳಿ. ಪ್ರತಿ ತಿರುವಿಗೂ ಹಿಂದಿನ ಸೀಟು ಉಸಿರು ಬಿಗಿಹಿಡಿಯುತ್ತಿತ್ತು, ನಾನೂ ಹಿಡಿಯುತ್ತಿದ್ದೆ. ಒಂದು ಶಬ್ದವೂ ಬರಲಿಲ್ಲ. ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ ತಲುಪಿದೆವು. ಹೆಣ್ಣಿನ ಕಡೆಯವರು ನನ್ನನ್ನು ಡ್ರೈವರು ಎಂದು ತಿಳಿದು ಎರಡು ಹೋಳಿಗೆ ಹೆಚ್ಚಿಗೆ ಹಾಕಿದರು, ನಾನು ತಿದ್ದಲಿಲ್ಲ.

ಆಮೇಲೆ ಅಂಗಡಿಯ ಪದ್ಧತಿ ಬದಲಾಯಿತು. ಪರೀಕ್ಷೆಯ ಸವಾರಿಯಲ್ಲಿ ಯಾರೂ ಮಾತಾಡುವಂತಿಲ್ಲ, ಮುಖ್ಯವಾಗಿ ಚಲಪತಿ ಎಂದು ಮುನಿಸ್ವಾಮಣ್ಣ ಗೋಡೆಯ ಮೇಲೆ ಬರೆಸಿದರು. ಚಲಪತಿ ನಾನೇ. ಅದು ಬಿಟ್ಟರೆ ನನಗೆ ಬಡ್ತಿಯೂ ಸಿಕ್ಕಿತು. ಫೋನಿನಲ್ಲಿ ಗಿರಾಕಿಗಳು "ಏನೋ ಒಂಥರಾ ಸೌಂಡು" ಎಂದರೆ ಸಾಕು, ಮುನಿಸ್ವಾಮಣ್ಣ ನನ್ನ ಕೈಗೆ ಕೊಡುತ್ತಿದ್ದರು. ನಾನು ಒಂದೊಂದೇ ಶಬ್ದ ಮಾಡಿ ಇದಾ, ಇದಾ ಎಂದು ಕೇಳಿ ಗುರುತು ಹಿಡಿಯುತ್ತಿದ್ದೆ. ಬೇರಿಂಗಿಗೆ ಒಂದು, ಸಡಿಲ ನಟ್ಟಿಗೆ ಒಂದು, ಒಣಗಿದ ಬುಷ್ಷಿಗೆ ಒಂದು. ಹೊಸಬರೇ, ಈಗ ನಿಮ್ಮ ಕೈಯಲ್ಲಿರುವ ಫೋನು ಯಾವ ಕಾರಿಗೆ ಯಾವ ಚಕ್ರ ಕೂರುತ್ತದೆ ಎಂದು ಒಂದು ಕ್ಷಣದಲ್ಲಿ ಹೇಳುತ್ತದೆ. ಒಳ್ಳೆಯದೇ, ನೋಡಿ. ಆದರೆ ಅದಕ್ಕೆ ಕಾರು ಮಾತ್ರ ಗೊತ್ತು, ಅದರಲ್ಲಿ ಯಾರು ಕೂರುತ್ತಾರೆ ಎಂದು ಗೊತ್ತಿಲ್ಲ. ಟಾರ್ಚು ಹಿಡಿದು ಬಗ್ಗಿ. ಬೆನ್ನು ಇರುವಾಗಲೇ ಬಗ್ಗಿ.

ಸುಗುಣ ದೊಡ್ಡ ಚಕ್ರದ ಆಸೆ ಬಿಡಲಿಲ್ಲ. ಒಂದು ತಿಂಗಳ ಮೇಲೆ ಅದೇ ಹದಿನಾರಿಂಚಿನ ರಿಮ್ಮಿಗೆ ತೆಳ್ಳನೆಯ ಟೈರು ಹಾಕಿಸಲು ಬಂದಳು. ಈಗ ಒಟ್ಟು ಎತ್ತರ ಹಳೇ ಚಕ್ರದಷ್ಟೇ. ರಸ್ತೆಯ ಹಳ್ಳ ಇನ್ನು ಸ್ವಲ್ಪ ಗಟ್ಟಿಯಾಗಿ ತಾಗುತ್ತದೆ, ಗಾಳಿ ಕಡಿಮೆಯಾಗಲು ಬಿಡಬೇಡ ಎಂದು ಮುನಿಸ್ವಾಮಣ್ಣ ಎರಡೆರಡು ಸಲ ಹೇಳಿದರು. ಪರೀಕ್ಷೆಗೆ ಗಂಗಪ್ಪನನ್ನು ಕರೆಯಲು ಹೊರಟೆ. ಬೇಕಾಗಿಲ್ಲ ಎಂದಳು. ಕಾರಿನ ಹಿಂದಿನ ಬಾಗಿಲು ತೆರೆಯಿತು, ಪಾಪಮ್ಮನವರು ಇಬ್ಬರು ತಂಗಿಯರ ಜೊತೆ ಆಗಲೇ ಕೂತಿದ್ದರು. ಎಡಗಡೆಗೆ, ಸೆರಗು ಸರಿಯಾಗಿ ಹೊದ್ದು.

ವಿಭೂತಿ ಉಜ್ಜಿದೆ. ಪಾಪಮ್ಮನವರು ಕಿಟಕಿಯಿಂದ ಕೈಚಾಚಿ ಸ್ವಲ್ಪ ತೆಗೆದುಕೊಂಡು ಹಣೆಗೂ ಇಟ್ಟುಕೊಂಡರು. ನಾನು ಮುಂದೆ ಕೂತು ತುಟಿ ಬಿಗಿದೆ. ಹಂಪು ಹತ್ತಿತು, ಇಳಿಯಿತು, ಶಬ್ದವಿಲ್ಲ. ತಿರುವು ಬಂತು. ಕಾರು ಎಡಕ್ಕೆ ವಾಲಿತು. ಸರಿಯಾಗಿ ಆಗ, ಹಿಂದಿನಿಂದ, ಬಕೆಟ್ಟಿನ ಮೇಲೆ ಉಗುರು ಎಳೆದ ಹಾಗೆ, ಜರ್ರ್.

ಸುಗುಣ ಕಾರು ನಿಲ್ಲಿಸುವುದಕ್ಕೂ ಮುಂಚೆಯೇ ಬಾಗಿಲು ತೆಗೆದು ಇಳಿದೆ. ರಸ್ತೆಯ ಮೇಲೆ ಮಂಡಿಯೂರಿ, ಹಿಂದಿನ ಎಡ ಕಮಾನಿನೊಳಗೆ ತಲೆ ತೂರಿಸಿ ಟಾರ್ಚು ಬಿಟ್ಟೆ. ಪ್ಲಾಸ್ಟಿಕ್ಕು ಕಪ್ಪಗೆ, ಸ್ವಚ್ಛವಾಗಿತ್ತು. ಟೈರಿನ ವಿಭೂತಿ ಹಚ್ಚಿದ ಹಾಗೇ ಇತ್ತು. ಇನ್ನೊಂದು ಸಲ ನೋಡಿದೆ, ಬೆರಳು ಹಾಕಿ ಸವರಿದೆ. ಏನೂ ಅಂಟಿರಲಿಲ್ಲ.

ಆಗ ಕಾರು ಮೆಲ್ಲಗೆ ಕುಣಿಯತೊಡಗಿತು. ತಲೆ ಎತ್ತಿ ನೋಡಿದರೆ ಚಿಕ್ಕಮ್ಮಂದಿರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ, ಸುಗುಣ ಸ್ಟೇರಿಂಗಿಗೆ ಹಣೆ ಒತ್ತಿಕೊಂಡಿದ್ದಾಳೆ. ಪಾಪಮ್ಮನವರು ಮಾತ್ರ ನಗದೆ, ಕಿಟಕಿಯಿಂದ ಕತ್ತು ಹೊರಗಿಟ್ಟು ನನ್ನನ್ನೇ ನೋಡುತ್ತಿದ್ದರು.

"ಏನ್ ನಾಯ್ನಾ," ಎಂದರು, "ಸರಿಯಾಗ್ ಬಂತಾ?"